ಹಂಡೆಯ ಚೊಗರು

ಮಹಾನವಮಿ ಕಳೆದು, ಮಳೆ ಹಿಂದೆಗೆದು, ಬಿಸಿಲು ಹದಕ್ಕೆ ಬರುವ ಕಾಲದಲ್ಲಿ ಚನ್ನಗಿರಿ ಸೀಮೆಯ ಯಾವ ಹಳ್ಳಿಯನ್ನು ಹೊಕ್ಕರೂ ಮೊದಲು ನಮ್ಮನ್ನು ಎದುರುಗೊಳ್ಳುವುದು ಬೇಯುತ್ತಿರುವ ಅಡಿಕೆಯ ಒಗರು ವಾಸನೆ. ತೋಟದಿಂದ ಇಳಿದು ಬಂದ ಗೊನೆಗಳನ್ನು ಕಣದಲ್ಲಿ ರಾಶಿ ಹಾಕಿ, ಕಾಯಿ ಬಿಡಿಸಿ, ಸಿಪ್ಪೆ ಸುಲಿದು (ಹಿಂದೆ ಈ ಸುಲಿತವೆಲ್ಲ ಮೆಟ್ಟುಗತ್ತಿಯ ಮುಂದೆ ಕುಳಿತ ಹೆಂಗಸರ ಕೈಯಲ್ಲಿ ನಡೆಯುತ್ತಿತ್ತು, ಈಗ ಬಹುಪಾಲು ಯಂತ್ರದ ಪಾಲಾಗಿದೆ) ಹಸಿಯಡಿಕೆಯನ್ನು ದೊಡ್ಡ ಹಂಡೆಗೆ ಸುರಿದು ಕುದಿಸುತ್ತಾರೆ. ಒಂದು ಹಂಡೆಯ ಅಡಿಕೆ ಬೆಂದಮೇಲೆ ಆ ನೀರನ್ನು ಚೆಲ್ಲುವುದಿಲ್ಲ. ಅದರಲ್ಲಿಯೇ ಮತ್ತೊಂದು ಸಲದ ಅಡಿಕೆಯನ್ನು, ಅದಾದಮೇಲೆ ಇನ್ನೊಂದು ಸಲದ್ದನ್ನು ಬೇಯಿಸುತ್ತ ಹೋದಂತೆ ನೀರು ಕೆಂಪಡರಿ, ಮಂದವಾಗಿ, ಕಡೆಗೆ ಪಾಕದಂತೆ ಗಟ್ಟಿಗೊಳ್ಳುತ್ತದೆ. ಅದಕ್ಕೆ ಚೊಗರು ಎಂದು ಹೆಸರು. ಅಡಿಕೆಯಿಂದಲೇ ಹುಟ್ಟಿದ ಈ ಚೊಗರು ಮುಂದಿನ ಸಲದ ಅಡಿಕೆಗೆ ಬಣ್ಣವನ್ನೂ ಮೆರುಗನ್ನೂ ಕೊಡುತ್ತದೆ. ಆ ಅಡಿಕೆ ತನ್ನ ಒಗರನ್ನು ಬಿಟ್ಟು ಚೊಗರನ್ನು ಇನ್ನಷ್ಟು ಮಂದ ಮಾಡುತ್ತದೆ.

ಇಂಥ ಒಂದು ಕಣದ ಅಂಚಿನಲ್ಲಿ ಕುಳಿತಿದ್ದಾಗ ನನ್ನ ಕಿವಿಗೆ ಬಿದ್ದ ಒಂದು ಮಾತೇ ಈ ಅಧ್ಯಾಯಕ್ಕೆ ಬೀಜ. ಊರಿನ ಯಾರದೋ ತೋಟದ ಪ್ರಸ್ತಾಪ ಬಂದಾಗ ಹಂಡೆಗೆ ಸೌದೆ ಒಡ್ಡುತ್ತಿದ್ದ ಹೆಂಗಸೊಬ್ಬಳು, ತಲೆಯೆತ್ತದೆ, ಹೀಗೆಂದಳು:

“ರೇಟು ಬಿದ್ದೋಯ್ತು ಅಂತ ತೋಟನ ಚೇಣಿಗೆ ಕೊಟ್ಟುಬಿಟ್ರಂತೆ.”

ಚೇಣಿಯೆಂದರೆ ಮರದ ಮೇಲಿರುವ ಫಸಲನ್ನು ಆ ವರ್ಷದ ಮಟ್ಟಿಗೆ ವ್ಯಾಪಾರಿಗೆ ಗುತ್ತಿಗೆ ಕೊಡುವ ಪದ್ಧತಿ. ವಾಕ್ಯದಲ್ಲಿರುವುದು ಆರೇ ಪದ. ಅದನ್ನು ಹೇಳಲು ಹಿಡಿದ ಕಾಲ ಒಂದು ಉಸಿರಿನಷ್ಟು. ಆದರೆ ಭಾಷೆಯು ಮನುಷ್ಯನ ಯಾವ ಯಾವ ಪ್ರಯೋಜನಗಳನ್ನು ನೆರವೇರಿಸುತ್ತದೆ, ಆ ಪ್ರಯೋಜನಗಳು ಭಾಷೆಯ ರೂಪವನ್ನು ಹೇಗೆ ತಿದ್ದಿ ತೀಡುತ್ತವೆ ಎಂಬುದನ್ನು ಕುರಿತು ಸುಮಾರು ನೂರು ವರ್ಷಗಳಿಂದ ನಡೆದುಬಂದಿರುವ ಒಂದು ಶಾಸ್ತ್ರದ ಮುಖ್ಯ ವಿಚಾರಗಳೆಲ್ಲವನ್ನೂ ಈ ಆರು ಪದಗಳ ಆಧಾರದ ಮೇಲೆಯೇ ವಿವರಿಸಬಹುದೆಂದರೆ ಓದುಗರು ಆಶ್ಚರ್ಯಪಡಬಾರದು.

ಭಾಷೆಯನ್ನು ನೋಡುವ ದೃಷ್ಟಿಗಳು ಸ್ಥೂಲವಾಗಿ ಎರಡು. ಭಾಷೆಯ ರಚನೆಗೆ ತನ್ನದೇ ಆದ ನಿಯಮಗಳುಂಟು, ಅವು ಮನುಷ್ಯನಿಗೆ ಹುಟ್ಟಿನೊಡನೆಯೇ ಬಂದ ಬೌದ್ಧಿಕ ಸಂಪತ್ತಿನ ಭಾಗ, ಮಾತು ಯಾವ ಕೆಲಸಕ್ಕೆ ಬಳಕೆಯಾಗುತ್ತದೆಂಬುದನ್ನು ಬದಿಗಿರಿಸಿಯೇ ಅವನ್ನು ಅಭ್ಯಾಸ ಮಾಡಬಹುದು ಎಂಬುದು ಒಂದು ದೃಷ್ಟಿ; 1957ರಲ್ಲಿ ನೋಮ್ ಚಾಮ್‌ಸ್ಕಿಯವರ ಮೊದಲ ಗ್ರಂಥ ಪ್ರಕಟವಾದಂದಿನಿಂದ ಇದು ಬಹಳ ಪ್ರಬಲವಾಯಿತು. ಕುಡುಗೋಲಿನ ಬಾಗು ಕೊಯ್ಯುವ ಕೆಲಸದಿಂದ ಬಂದಂತೆ ವ್ಯಾಕರಣದ ಬಾಗುಬಳುಕುಗಳು ಮಾತಿನ ಕೆಲಸದಿಂದ ಬಂದವು ಎಂಬುದು ಎರಡನೆಯ ದೃಷ್ಟಿ. ಇದನ್ನು ಕಾರ್ಯಾತ್ಮಕ ಭಾಷಾವಿಜ್ಞಾನವೆಂದು ಕರೆಯುವುದು ವಾಡಿಕೆ. 1926ರಲ್ಲಿ ವಿಲೆಮ್ ಮಾಥೇಸಿಯುಸ್ ಎಂಬ ವಿದ್ವಾಂಸರು ಪ್ರಾಗ್ ನಗರದಲ್ಲಿ ಕೂಡಿಸಿದ ಭಾಷಾವಿಜ್ಞಾನಿಗಳ ಮಂಡಲಿ ಈ ದೃಷ್ಟಿಗೆ ಮೊದಲ ನೆಲೆಯಾಯಿತು. ರೋಮಾನ್ ಯಾಕೊಬ್ಸನ್, ನಿಕೊಲಾಯ್ ತ್ರುಬೆತ್ಸ್‌ಕೊಯ್ ಮೊದಲಾದವರು ಅದರಲ್ಲಿದ್ದರು. ಆಮೇಲೆ ಇಂಗ್ಲೆಂಡಿನಲ್ಲಿ ಹುಟ್ಟಿ ಆಸ್ಟ್ರೇಲಿಯದಲ್ಲಿ ನೆಲೆಸಿದ ಎಂ. ಎ. ಕೆ. ಹ್ಯಾಲಿಡೇ, ಹಾಲೆಂಡಿನ ಸೈಮನ್ ಡಿಕ್, ಅಮೆರಿಕದ ಟಾಲ್ಮಿ ಗಿವೋನ್, ಜೋನ್ ಬೈಬಿ ಇವರೆಲ್ಲ ತಂತಮ್ಮ ದಾರಿಯಲ್ಲಿ ಇದನ್ನು ಬೆಳೆಸಿದರು. ಪ್ರಯೋಗವೇ ಪ್ರಮಾಣವೆಂಬ ಭಾವನೆ ನಮಗೂ ಹೊಸದಲ್ಲ: 13ನೆಯ ಶತಮಾನದಲ್ಲಿ ಕೇಶಿರಾಜನು ‘ಶಬ್ದಮಣಿದರ್ಪಣ’ವನ್ನು ರಚಿಸಿದಾಗ ತನ್ನ ಸೂತ್ರಗಳಿಗೆ ಆಧಾರವಾಗಿ ಒಡ್ಡಿದ್ದು ಹಿಂದಿನ ಕವಿಗಳ ಪ್ರಯೋಗಗಳನ್ನು. ಆತನು ಕಿವಿಗೊಟ್ಟದ್ದು ಕವಿಗಳಿಗೆ; ಈಗಿನವರು ಕಣದ ಹೆಂಗಸಿಗೂ ಕಿವಿಗೊಡುತ್ತಾರೆ.

ಮೊದಲು ಆ ವಾಕ್ಯದಲ್ಲಿ ಇಲ್ಲದ್ದನ್ನು ಗಮನಿಸೋಣ. ತೋಟವನ್ನು ಕೊಟ್ಟವರಾರು? ವಾಕ್ಯ ಅದನ್ನು ಹೇಳುವುದಿಲ್ಲ. ಶಾಲೆಯ ವ್ಯಾಕರಣದಲ್ಲಿ ಕರ್ತೃಪದಕ್ಕೆ ಅಗ್ರಪೂಜೆ. ಇಲ್ಲಿಯೋ ಕರ್ತೃಪದದ ಸುಳಿವೇ ಇಲ್ಲ, ಕ್ರಿಯಾಪದದ ಬಾಲದಲ್ಲಿ ಬಹುವಚನದ ಒಂದು ರಕಾರವನ್ನುಳಿದು. ಇದನ್ನು ‘ಲೋಪ’ವೆಂದು ಕರೆದು ಮುಂದುವರಿಯಬಹುದು, ಆದರೆ ಪ್ರಪಂಚದ ಎಲ್ಲೆಡೆಯೂ ಜನ ಹೀಗೆಯೇ ಮಾತನಾಡುತ್ತಾರೆಂಬುದು 1970ರ ದಶಕದಿಂದೀಚೆಗೆ ಗೊತ್ತಾಗಿರುವ ಸಂಗತಿ. ಕ್ಯಾಲಿಫೋರ್ನಿಯದಲ್ಲಿ ವಾಲೆಸ್ ಚೇಫ್ ಎಂಬವರು ಮಾತಿಲ್ಲದ ಒಂದು ಪುಟ್ಟ ಚಲಚ್ಚಿತ್ರವನ್ನು ತಯಾರಿಸಿದರು: ಹುಡುಗನೊಬ್ಬನು ಸೈಕಲ್ಲಿನ ಮೇಲೆ ಬಂದು ಹಣ್ಣಿನ ಬುಟ್ಟಿಯೊಂದನ್ನು ಎತ್ತಿಕೊಂಡು ಹೋಗುವ ಕಥೆ. ಅದನ್ನು ನಾನಾ ಭಾಷೆಗಳ ಜನರಿಗೆ ತೋರಿಸಿ, ಕಂಡುದನ್ನು ಹೇಳಿಸಿ, ಆ ಮಾತುಗಳನ್ನು ಬರೆದಿಟ್ಟುಕೊಂಡರು. ಗ್ವಾಟೆಮಾಲಾದ ಮಾಯಾ ಭಾಷೆಯೊಂದರ ಜನ ಹೇಳಿದ ಕಥೆಗಳನ್ನು ಪರಿಶೀಲಿಸಿದ ಜಾನ್ ಡೂ ಬೋಯಿಸ್ 1987ರಲ್ಲಿ ಒಂದು ಸ್ವಾರಸ್ಯವಾದ ಕ್ರಮವನ್ನು ತೋರಿಸಿಕೊಟ್ಟರು: ಒಂದು ಉಪವಾಕ್ಯದಲ್ಲಿ ಎರಡು ಪೂರ್ಣ ನಾಮಪದಗಳು ಒಟ್ಟಿಗೆ ಬರುವುದು ವಿರಳ, ಹೊಸ ಪಾತ್ರವು ಕಥೆಯನ್ನು ಪ್ರವೇಶಿಸುವಾಗ ‘ಬಂದ’, ‘ಇದ್ದ’ ಎಂಬಂಥ ಅಕರ್ಮಕ ಕ್ರಿಯೆಯ ಕೈಹಿಡಿದು ಪ್ರವೇಶಿಸುತ್ತದೆಯೇ ಹೊರತು ಬಂದೊಡನೆ ಇನ್ನೊಂದರ ಮೇಲೆ ಕೈಮಾಡುತ್ತ ಪ್ರವೇಶಿಸುವುದಿಲ್ಲ. ನಮ್ಮಲ್ಲಿ ಯಾರಾದರೂ ಇದೇ ಕಥೆಯನ್ನು ಹೇಳಿದರೆ ಹೇಗಿರುತ್ತದೆಂದು ಊಹಿಸಿಕೊಳ್ಳಿ: “ಒಬ್ಬ ಹುಡುಗ ಬಂದ. ಬುಟ್ಟಿ ನೋಡ್ದ. ಎತ್ತಿಕ್ಯಂಡು ಹೋದ.” ಹುಡುಗನಿಗೆ ಮೊದಲ ವಾಕ್ಯದಲ್ಲಿ ಬಾಗಿಲು ತೆರೆದುಕೊಟ್ಟಾದ ಮೇಲೆ ಅವನ ಹೆಸರೆತ್ತುವ ಗೊಡವೆ ಯಾರಿಗೂ ಇಲ್ಲ. ಕೇಳುವವನ ಗಮನಶಕ್ತಿ ಸೀಮಿತವಾದುದು. ಒಂದು ಸಲಕ್ಕೆ ಒಂದು ಹೊಸ ಸಂಗತಿಯನ್ನು ಮಾತ್ರ ಅದು ಸುಖವಾಗಿ ಹೊರಬಲ್ಲುದು. ಈ ಮಿತಿಯೇ ವಾಕ್ಯದ ಅಳತೆಯನ್ನು ಗೊತ್ತುಮಾಡುತ್ತದೆ.

ಇನ್ನು ಪದಗಳ ಕ್ರಮ. ಇದನ್ನು ನೋಡಲು ಚನ್ನಗಿರಿಯಿಂದ ಹೊನ್ನಾಳಿಗೆ ಬರುವುದು ಒಳ್ಳೆಯದು. ಶಿವಮೊಗ್ಗದ ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಒಂದಾಗಿ ತುಂಗಭದ್ರೆಯೆನಿಸಿ ಹೊನ್ನಾಳಿಯ ಮಗ್ಗುಲಲ್ಲಿ ಹರಿಯುತ್ತಾಳೆ. ಆದರೆ ಊರವರ ಬಾಯಲ್ಲಿ ಆಕೆ ಬರಿಯ ‘ಹೊಳೆ’. ಬೇಸಗೆ ಮುಗಿಯುತ್ತ ಬಂದಾಗ ದಡದಲ್ಲಿ ಮೂರು ಬಗೆಯ ಮಾತು ಕೇಳಿಸಬಹುದು. “ಹೊಳೆಗೆ ನೀರು ಬಂತು” ಎಂದರೆ ಹೊಳೆಯ ವಿಚಾರ ಎಲ್ಲರಿಗೂ ಗೊತ್ತಿದ್ದದ್ದೇ, ನೀರೆಂಬುದು ಹೊಸ ಸುದ್ದಿ. “ನೀರು ಹೊಳೆಗೆ ಬಂತು” ಎಂದರೆ ಅಣೆಕಟ್ಟೆಯಿಂದ ಬಿಟ್ಟ ನೀರು ಎಲ್ಲಿಗೆ ಮುಟ್ಟಿತೆಂದು ಕಾಯುತ್ತಿದ್ದವರಿಗೆ ಸಿಕ್ಕ ಉತ್ತರ. “ಬಂತು ನೀರು ಹೊಳೆಗೆ” ಎಂದರೆ ನೀರೂ ಹೊಳೆಯೂ ಮನಸ್ಸಿನಲ್ಲಿದ್ದವೇ, ಬರವೇ ಸಂಭ್ರಮ. ಮೂರರಲ್ಲಿಯೂ ವಿಭಕ್ತಿ ಬದಲಾಗಲಿಲ್ಲ. ಯಾವುದು ಯಾವುದಕ್ಕೆ ಬಂದಿತೆಂಬ ಲೋಕವ್ಯಾಪಾರದಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಬದಲಾದದ್ದು ಕೇಳುವವನಿಗೆ ಏನು ತಿಳಿದಿದೆ, ಏನನ್ನು ತಿಳಿಸಬೇಕಾಗಿದೆ ಎಂಬ ಲೆಕ್ಕಾಚಾರ. ನಮ್ಮ ಪ್ರಾಚೀನ ಶಾಸ್ತ್ರಕಾರರು ಉದ್ದೇಶ್ಯ, ವಿಧೇಯ ಎಂದು ಕರೆದ ಜೋಡಿಗೆ ಹತ್ತಿರವಾದ ಈ ವಿಭಾಗವನ್ನೇ ಮಾಥೇಸಿಯುಸ್ ಮತ್ತು ಅವರ ತರುವಾಯ ಯಾನ್ ಫಿರ್ಬಾಸ್ ವಿಸ್ತರಿಸಿ, ವಾಕ್ಯವನ್ನು ಅರಿತದ್ದರಿಂದ ಅರಿಯದುದಕ್ಕೆ ಸಾಗುವ ನಡಿಗೆಯೆಂದು ವಿವರಿಸಿದರು. ಸಾಲದುದಕ್ಕೆ ನಮ್ಮಲ್ಲಿ ಏ, ಊ, ಓ, ಆ ಎಂಬ ಕಿರಿಯ ಅವ್ಯಯಗಳೂ ಉಂಟು, “ನೀರೇ ಬಂತು”, “ನೀರೂ ಬಂತು”, “ನೀರು ಬಂತಾ?” ಎಂದು ಒಂದೊಂದು ಸ್ವರ ಮಾಡುವ ಕೆಲಸಕ್ಕೆ ಬೇರೆ ಭಾಷೆಗಳಲ್ಲಿ ಇಡೀ ಪದಗುಚ್ಛವೇ ಬೇಕಾದೀತು.

ಕನ್ನಡದ ಈ ಗುಣವನ್ನು ವಿಶ್ವದ ಭಾಷಾವಿಜ್ಞಾನದ ಮುಂದೆ ಸಾಕ್ಷ್ಯವಾಗಿ ನಿಲ್ಲಿಸಿದ ಕೀರ್ತಿ ಡಿ. ಎನ್. ಶಂಕರ ಭಟ್ಟರದು. ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಪುಸ್ತಕದಿಂದಲೂ ಬರಹದ ಸುಧಾರಣೆಯ ವಾದದಿಂದಲೂ ಕನ್ನಡಿಗರು ಅವರನ್ನು ಬಲ್ಲರು. ಆದರೆ 1991ರಲ್ಲಿ ಅವರು ಇಂಗ್ಲಿಷಿನಲ್ಲಿ ಪ್ರಕಟಿಸಿದ, ವ್ಯಾಕರಣ ಸಂಬಂಧಗಳು ಅಗತ್ಯವೂ ಅಲ್ಲ, ಸಾರ್ವತ್ರಿಕವೂ ಅಲ್ಲವೆಂದು ವಾದಿಸುವ ಗ್ರಂಥವು ನಮ್ಮಲ್ಲಿ ಪಡೆಯಬೇಕಾದಷ್ಟು ಪ್ರಚಾರವನ್ನು ಪಡೆದಿಲ್ಲ. ಅವರ ವಾದದ ತಿರುಳು ಇಷ್ಟು: ಇಂಗ್ಲಿಷಿನಲ್ಲಿ ಕ್ರಿಯಾಪದದ ಮುಂದಿನ ಸ್ಥಾನವು ಎರಡು ಕೆಲಸಗಳನ್ನು ಒಟ್ಟಿಗೆ ಹೊತ್ತಿದೆ; ಮಾಡಿದವನಾರೆಂಬುದನ್ನೂ ಅದೇ ಹೇಳಬೇಕು, ಮಾತು ಯಾವುದನ್ನು ಕುರಿತದ್ದೆಂಬುದನ್ನೂ ಅದೇ ಹೇಳಬೇಕು. ಈ ಎರಡರ ಬೆಸುಗೆಗೆ ‘ಸಬ್ಜೆಕ್ಟ್’ ಎಂದು ಹೆಸರು. ಕನ್ನಡವು ಎರಡನ್ನೂ ಬೇರೆ ಬೇರೆ ಕೈಗಳಿಗೆ ಒಪ್ಪಿಸಿದೆ: ಪಾತ್ರವನ್ನು ವಿಭಕ್ತಿ ಹೇಳುತ್ತದೆ, ಪ್ರಸ್ತಾಪವನ್ನು ಪದಕ್ರಮ ಹೇಳುತ್ತದೆ. ಬೆಸುಗೆಯೇ ಇಲ್ಲದ ಕಡೆ ಬೆಸುಗೆಯ ಹೆಸರೇತಕ್ಕೆ? “ನನಗೆ ಹಸಿವಾಗಿದೆ”, “ಅವಳಿಗೆ ಗೊತ್ತು” ಎಂಬಲ್ಲಿ ಚತುರ್ಥಿಯಲ್ಲಿರುವ ಪದವನ್ನು ಕರ್ತೃವೆನ್ನಬೇಕೋ ಬೇಡವೋ ಎಂದು ತಲೆಕೆಡಿಸಿಕೊಳ್ಳುವ ವ್ಯಾಕರಣಕಾರನ ಕಷ್ಟವೂ ಇದರಿಂದ ಬಹುಮಟ್ಟಿಗೆ ನಿವಾರಣೆಯಾಗುತ್ತದೆ. ಅಲ್ಲದೆ ಕರ್ಮಣಿಪ್ರಯೋಗವು ಕನ್ನಡದ ಆಡುಮಾತಿನಲ್ಲಿ ಏಕೆ ಬೇರೂರಲಿಲ್ಲವೆಂಬುದಕ್ಕೂ ಇಲ್ಲಿಯೇ ಕಾರಣ ದೊರೆಯುತ್ತದೆ. ತೋಟವನ್ನು ಕುರಿತು ಮಾತನಾಡಬೇಕಾದಾಗ ಇಂಗ್ಲಿಷಿನವನು ಕ್ರಿಯಾಪದವನ್ನೇ ತಿರುಗಿಸಿ ತೋಟವನ್ನು ಮುಂದಕ್ಕೆ ತರಬೇಕು. ನಮ್ಮ ಹೆಂಗಸು “ತೋಟನ” ಎಂದು ಪದವನ್ನೇ ಮೊದಲಿಗೆ ಎತ್ತಿಡುತ್ತಾಳೆ, ಕೊಟ್ಟವರ ಹೆಸರನ್ನು ಬಿಟ್ಟುಬಿಡುತ್ತಾಳೆ. ‘ಕೊಡಲ್ಪಟ್ಟಿತು’ ಮಾಡಬೇಕಾದ ಎರಡು ಕೆಲಸಗಳೂ ಅದಿಲ್ಲದೆ ನಡೆದುಹೋದವು. ಕೆಲಸವಿಲ್ಲದವನಿಗೆ ಊರಿನಲ್ಲಿ ಮನೆಯೂ ಇಲ್ಲವಾಯಿತು.

ಕ್ರಿಯಾಪದವು ಕಟ್ಟಕಡೆಗೆ ಬಂದುದೂ ಆಕಸ್ಮಿಕವಲ್ಲ. 1963ರಲ್ಲಿ ಜೋಸೆಫ್ ಗ್ರೀನ್‌ಬರ್ಗ್ ಎಂಬ ಅಮೆರಿಕದ ವಿದ್ವಾಂಸರು ಭೂಮಂಡಲದ ಮೂವತ್ತು ಭಾಷೆಗಳನ್ನು ಎದುರಿಗಿಟ್ಟುಕೊಂಡು, ಅವುಗಳಿಗೆ ಸಮಾನವಾದ 45 ಪ್ರವೃತ್ತಿಗಳನ್ನು ಪಟ್ಟಿಮಾಡಿದರು. ಆ ಮೂವತ್ತರಲ್ಲಿ ದ್ರಾವಿಡ ಕುಲದ ಪ್ರತಿನಿಧಿಯಾಗಿ ಕುಳಿತಿದ್ದುದು ಕನ್ನಡ. ಕ್ರಿಯಾಪದ ಕೊನೆಗೆ ಬರುವ ಭಾಷೆಯಲ್ಲಿ ‘ಮೇಲೆ’, ‘ಒಳಗೆ’ ಎಂಬಂಥ ಪದಗಳು ನಾಮಪದದ ಹಿಂದೆ ನಿಲ್ಲುವುದೇ ಬಹುಮಟ್ಟಿನ ರೂಢಿಯೆಂಬುದು ಅವುಗಳಲ್ಲಿ ಒಂದು; ಜಪಾನಿಯೂ ತುರ್ಕಿಯೂ ಕನ್ನಡವೂ ಒಂದನ್ನೊಂದು ಅರಿಯದೆಯೇ ಒಂದೇ ಹಾದಿಯಲ್ಲಿ ನಡೆದಿವೆ. ಪರಸ್ಪರ ಸಂಬಂಧವುಳ್ಳ ಪದಗಳು ಹತ್ತಿರ ಹತ್ತಿರವಿದ್ದರೆ ನೆನಪಿನ ಹೊರೆ ಕಡಿಮೆಯಾಗುತ್ತದೆಂದು ಜಾನ್ ಹಾಕಿನ್ಸ್ ಮುಂತಾದವರು ಇದಕ್ಕೆ ಕಾರಣ ಕೊಡುತ್ತಾರೆ. ಶಂಕರ ಭಟ್ಟರು 1994ರಲ್ಲಿ ಗುಣಪದಗಳನ್ನು ಕುರಿತೂ, 1999ರಲ್ಲಿ ಕಾಲ, ಸ್ಥಿತಿ, ಅರ್ಥ ಇವುಗಳ ಪ್ರಾಧಾನ್ಯವನ್ನು ಕುರಿತೂ ಬರೆದ ಗ್ರಂಥಗಳು ಇದೇ ತುಲನಾತ್ಮಕ ಮಾರ್ಗದ ಫಲಗಳು.

ಈಗ ನಮ್ಮ ವಾಕ್ಯದ ಅತ್ಯಂತ ರಸವತ್ತಾದ ಭಾಗಕ್ಕೆ ಬರೋಣ. “ಬಿದ್ದೋಯ್ತು” ಎಂದಳು; ರೇಟು ಬಿದ್ದಿತು ನಿಜ, ಆದರೆ ಎಲ್ಲಿಗೆ ಹೋಯಿತು? “ಕೊಟ್ಟುಬಿಟ್ರು” ಎಂದಳು, ಕೊಟ್ಟರು ನಿಜ, ಬಿಟ್ಟದ್ದೇನನ್ನು? “ಅಂತ” ಎಂದಳು, ‘ಎಂದು’ ಎಂಬುದರ ಈ ಆಡುರೂಪಕ್ಕೆ ‘ಹೇಳಿ’ ಎಂದು ಅರ್ಥ, ಹಾಗಾದರೆ ರೇಟು ಬಿದ್ದಿತೆಂದು ಹೇಳಿದವರಾರು? ಯಾರೂ ಇಲ್ಲ. ಹೋಗು, ಬಿಡು, ಅನ್ನು ಎಂಬ ಮೂರು ಸಾಮಾನ್ಯ ಕ್ರಿಯಾಪದಗಳು ಇಲ್ಲಿ ತಮ್ಮ ಮೈಯ ಭಾರವನ್ನು ಕಳೆದುಕೊಂಡು, ಮೊದಲನೆಯದು ಹಿಂತಿರುಗಲಾಗದ ಮಾರ್ಪಾಟನ್ನೂ, ಎರಡನೆಯದು ತೀರಿದ ವ್ಯವಹಾರವನ್ನೂ, ಮೂರನೆಯದು ಕಾರಣವನ್ನೂ ಸೂಚಿಸುವ ವ್ಯಾಕರಣದ ಉಪಕರಣಗಳಾಗಿವೆ. ಸ್ವತಂತ್ರ ಪದವು ಹೀಗೆ ಪ್ರತ್ಯಯದ ದಾರಿ ಹಿಡಿಯುವುದಕ್ಕೆ ವ್ಯಾಕರಣೀಕರಣವೆಂದು ಹೆಸರು. 1912ರಲ್ಲಿ ಫ್ರಾನ್ಸಿನ ಆಂತ್ವಾನ್ ಮೇಯೆ ಈ ಪರಿಭಾಷೆಯನ್ನು ಬಳಕೆಗೆ ತಂದರು, 1993ರಲ್ಲಿ ಪಾಲ್ ಹಾಪರ್ ಮತ್ತು ಎಲಿಜಬೆತ್ ಟ್ರಾಗಟ್ ಬರೆದ ಪಠ್ಯದಿಂದ ಇದು ಒಂದು ಶಾಖೆಯಾಗಿಯೇ ಬೆಳೆಯಿತು.

ಕನ್ನಡದಲ್ಲಿ ಇದರ ಪುರಾವೆಯನ್ನು ಅಗೆದು ತೆಗೆಯಬೇಕಾಗಿಲ್ಲ. ಅದು ಬಾಯಲ್ಲಿಯೇ ಇದೆ. ‘ಕೊಂಡುಕೊಂಡ’ ಎನ್ನುತ್ತೇವೆ, ‘ಬಿಟ್ಟುಬಿಟ್ಟ’ ಎನ್ನುತ್ತೇವೆ, ‘ಅಂತ ಅಂದ’ ಎನ್ನುತ್ತೇವೆ. ಒಂದೇ ಧಾತು ಎರಡು ಸಲ: ಒಂದು ಕಡೆ ಇನ್ನೂ ದುಡಿಯುತ್ತಿರುವ ತಾತ, ಅವನ ಪಕ್ಕದಲ್ಲಿಯೇ ಬೇರೆ ಉದ್ಯೋಗ ಹಿಡಿದ ಮೊಮ್ಮಗ. ಇಬ್ಬರಿಗೂ ಒಂದೇ ಹೆಸರು, ಕೆಲಸ ಮಾತ್ರ ಬೇರೆ. ಕೇಶಿರಾಜನ ಕಾಲದ ‘ಊರೊಳ್’ ಎಂಬುದು ಇಂದು ‘ಊರಲ್ಲಿ’ ಆಗಿದೆ. ದೂರವನ್ನು ಬೊಟ್ಟುಮಾಡುತ್ತಿದ್ದ ‘ಅಲ್ಲಿ’ಯು ಸಪ್ತಮಿಯ ಪ್ರತ್ಯಯವಾಗಿ ಊರಿನ ಬೆನ್ನಿಗೆ ಅಂಟಿಕೊಂಡಿದೆ. ‘ಬಂದು ಇದೆ’ ಎಂಬುದು ‘ಬಂದಿದೆ’ ಆಯಿತು. ಈ ಸೀಮೆಯ ಬಾಯಲ್ಲಿ ‘ಬಂದೈತೆ’, ಇನ್ನೂ ಬಡಗಲಿಗೆ ಸರಿದರೆ ‘ಬಂದೈತಿ’.

‘ಅಂತ’ದ ವಿಸ್ತಾರವಂತೂ ಒಂದು ಸಂಸಾರಕಥೆಯೇ ಸರಿ. “ಬರ್ತೀನಿ ಅಂತ ಹೇಳ್ದ” ಎಂಬಲ್ಲಿ ಅದಕ್ಕೆ ಹೇಳಿಕೆಯ ನಂಟು ಇನ್ನೂ ಉಳಿದಿದೆ. “ಮಳೆ ಬರುತ್ತೆ ಅಂತ ತಿಳ್ಕಂಡೆ” ಎಂಬಲ್ಲಿ ಅದು ಬಾಯಿಂದ ಮನಸ್ಸಿಗೆ ಇಳಿಯಿತು. “ಮಾರಾಣ ಅಂತ ಬಂದೆ” ಎಂದಾಗ ಉದ್ದೇಶವಾಯಿತು; “ರೇಟು ಬಿತ್ತು ಅಂತ ಮಾರ್ಲಿಲ್ಲ” ಎಂದಾಗ ಕಾರಣವಾಯಿತು; “ಸೂಳೆಕೆರೆ ಅಂತ ಒಂದು ಕೆರೆ” ಎಂದಾಗ ಹೆಸರಿಡುವ ಪುರೋಹಿತನಾಯಿತು; “ಧಡ್ ಅಂತ ಬಿತ್ತು” ಎಂದಾಗ ಬಾಯಿಲ್ಲದ ಕಲ್ಲಿಗೂ ಮಾತು ಬಂದಿತು. ಹೇಳುವ ಕ್ರಿಯೆಯಿಂದ ಇಂಥ ಯೋಜಕಪದ ಹುಟ್ಟುವುದು ನಮ್ಮಲ್ಲಿ ಮಾತ್ರ ನಡೆದ ಪವಾಡವಲ್ಲ. ಪಶ್ಚಿಮ ಆಫ್ರಿಕದ ಎವೆ ಭಾಷೆಯಲ್ಲಿಯೂ ಇದೇ ನಡೆದಿದೆ. ಅನ್ಯರ ಮಾತನ್ನು ಉದ್ಧರಿಸಿ ಹೇಳುವ ಅವಶ್ಯಕತೆ ಎಲ್ಲ ಸಮಾಜಗಳಿಗೂ ಉಂಟಷ್ಟೆ. ಎಲ್ಲಿ ಕೆಲಸವೊಂದೇ ಅಲ್ಲಿ ಉಪಕರಣವೂ ಒಂದೇ ಬಗೆಯಲ್ಲಿ ಸವೆಯುತ್ತದೆ.

ಸವೆತದ ಮಾತು ಬಂದುದರಿಂದ ಒಂದು ಪದವನ್ನು ಇನ್ನೂ ಹತ್ತಿರದಿಂದ ನೋಡಬಹುದು. ‘ತೆಗೆದುಕೊಂಡು’ ಎಂಬುದಕ್ಕೆ ಐದು ಅಕ್ಷರ. ‘ತಗೊಂಡು’ ಆದಾಗ ಮೂರು. ಚನ್ನಗಿರಿ, ಹೊನ್ನಾಳಿಗಳ ಕಡೆ ‘ತಗಂಡು’. ‘ತೆಗೆದುಕೊಂಡು ಬಾ’ ಎಂಬ ಆರಕ್ಷರದ ಆಜ್ಞೆ ಅವಸರದಲ್ಲಿ ‘ತಗಂಬಾ’ ಎಂಬ ಮೂರಕ್ಷರಕ್ಕೆ ಇಳಿಯುತ್ತದೆ. ಆದರೆ ‘ಬಗೆದುಕೊಂಡು’ ಎಂಬಂಥ ಅಪರೂಪದ ಮಾತೊಂದನ್ನು ಕಟ್ಟಿ ನೋಡಿ. ಅದು ಇಷ್ಟು ಸವೆಯಲು ಒಪ್ಪದು. ಹೆಚ್ಚು ಬಳಕೆಯ ಪದ ಗಿಡ್ಡವಾಗುತ್ತದೆಂಬ ಸಂಗತಿಯನ್ನು ಜಾರ್ಜ್ ಕಿಂಗ್ಸ್‌ಲಿ ಜಿಫ್ 1930ರ ದಶಕದಲ್ಲಿಯೇ ಎಣಿಕೆಯಿಂದ ತೋರಿಸಿದ್ದರು. ಜೋನ್ ಬೈಬಿಯವರು ಇದಕ್ಕೆ ಇನ್ನೊಂದು ಮುಖವನ್ನು ಸೇರಿಸಿದರು: ಪುನರಾವೃತ್ತಿಯು ಒಂದು ಕಡೆ ಪದವನ್ನು ಸವೆಸುತ್ತದೆ, ಇನ್ನೊಂದು ಕಡೆ ನೆನಪಿನಲ್ಲಿ ಅದನ್ನು ಭದ್ರಪಡಿಸುತ್ತದೆ, ಆದುದರಿಂದಲೇ ಅತಿ ಬಳಕೆಯ ಕ್ರಿಯಾಪದಗಳು ‘ಬಾ–ಬಂದ’, ‘ತಾ–ತಂದ’, ‘ಆಗು–ಆದ’ ಎಂದು ತಮ್ಮ ಹಳೆಯ ವಕ್ರತೆಯನ್ನು ಬಿಡದೆ ನಿಂತಿರುವಾಗ, ಹೊಸದಾಗಿ ಬಂದ ಪದಗಳೆಲ್ಲ ‘ಇಸು’ ಹಚ್ಚಿಕೊಂಡು ‘ಡಯಲಿಸಿದ’, ‘ಕ್ಲಿಕ್ಕಿಸಿದ’ ಎಂದು ಸಾಲಾಗಿ ನಡೆಯುತ್ತವೆ. ಇಂಥ ಎಣಿಕೆಗೆ ಈಗ ಗಣಕಯಂತ್ರದ ನೆರವುಂಟು. ಮೈಸೂರಿನಲ್ಲಿ 1969ರಲ್ಲಿ ಸ್ಥಾಪಿತವಾದ ಭಾರತೀಯ ಭಾಷಾ ಸಂಸ್ಥಾನವು ಕನ್ನಡವೂ ಸೇರಿದಂತೆ ದೇಶಭಾಷೆಗಳ ದೊಡ್ಡ ಪಠ್ಯಕೋಶಗಳನ್ನು ಕೂಡಿಹಾಕಿದೆ. ಆದರೆ ಅಚ್ಚಾದ ಪುಟಗಳಲ್ಲಿ ‘ತಗಂಬಾ’ ಸಿಕ್ಕುವುದು ದುರ್ಲಭ, ಅದನ್ನು ಹಿಡಿಯಬೇಕಾದವರು ಸಂತೆಗೂ ಕಣಕ್ಕೂ ಹೋಗಬೇಕು.

ಕನ್ನಡದ ಹಂಡೆಯಲ್ಲಿ ಬೇಯುತ್ತಿರುವುದು ಕನ್ನಡವೊಂದೇ ಅಲ್ಲ. ಹೊನ್ನಾಳಿಯಿಂದ ಬೇರ್ಪಟ್ಟು ಈಚೆಗೆ ತಾಲ್ಲೂಕಾದ ನ್ಯಾಮತಿಯಲ್ಲಿ ಸೂರಗೊಂಡನಕೊಪ್ಪವಿದೆ. ಬಂಜಾರರು ಸಂತ ಸೇವಾಲಾಲರ ಜನ್ಮಸ್ಥಳವೆಂದು ಪೂಜಿಸುವ ಕ್ಷೇತ್ರ ಅದು. ಈ ಸೀಮೆಯ ತಾಂಡಾಗಳಲ್ಲಿ ಮನೆಮಾತಾಗಿರುವ ಲಂಬಾಣಿಯು ರಾಜಸ್ಥಾನದ ಭಾಷೆಗಳಿಗೆ ಹತ್ತಿರವಾದ ಆರ್ಯಭಾಷೆ. ರೊನಾಲ್ಡ್ ಟ್ರೇಲ್ ಎಂಬವರು 1970ರಲ್ಲಿ ಅದರ ವ್ಯಾಕರಣವನ್ನು ಪ್ರಕಟಿಸಿದರು. ತಾಂಡಾದಲ್ಲಿ ಲಂಬಾಣಿ, ಸಂತೆಯಲ್ಲಿ ಕನ್ನಡ, ಹೀಗೆ ದಿನಕ್ಕೆ ಹಲವು ಸಲ ಹೊಸ್ತಿಲು ದಾಟುವ ನಾಲಿಗೆಗೆ ಏನಾಗುತ್ತದೆ? ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಇಂಥ ಪ್ರಶ್ನೆಗೆ ಉತ್ತರ ಕೊಟ್ಟದ್ದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕುಪ್ವಾಡ ಎಂಬ ಗಡಿಗ್ರಾಮದ ಅಭ್ಯಾಸದಿಂದ. ಕನ್ನಡ, ಮರಾಠಿ, ಉರ್ದುಗಳು ಅಲ್ಲಿ ತಲೆಮಾರುಗಳಿಂದ ಒಂದೇ ಬೀದಿಯಲ್ಲಿ ಬಾಳಿ, ಪದಗಳನ್ನು ಬೇರೆ ಬೇರೆಯಾಗಿಯೇ ಉಳಿಸಿಕೊಂಡು ವಾಕ್ಯದ ಅಚ್ಚನ್ನು ಮಾತ್ರ ಒಂದು ಮಾಡಿಕೊಂಡಿದ್ದವು. ನಾವು “ಇದು ನಿಮ್ಮ ಮನೆ” ಎಂದು ಕ್ರಿಯಾಪದವಿಲ್ಲದೆ ನಿಲ್ಲಿಸುವಲ್ಲಿ ಅಲ್ಲಿಯ ಕನ್ನಡಿಗರು ಮರಾಠಿಯ ರೀತಿಯಲ್ಲಿ ಕೊನೆಗೆ ‘ಐತಿ’ಯನ್ನು ಸೇರಿಸುತ್ತಿದ್ದರು. ಪದಗಳು ಕುಲದ ಗುರುತು, ಅವನ್ನು ಬಿಡಲಾಗದು. ಎರಡು ವ್ಯಾಕರಣಗಳನ್ನು ಹೊರುವುದು ಕಷ್ಟ, ಅವನ್ನು ಒಂದು ಮಾಡಬಹುದು: ಇದೇ ಅಲ್ಲಿಯ ಒಪ್ಪಂದ. ಇಂಥ ಒಪ್ಪಂದಕ್ಕೆ ದಖ್ಖನಿ ಉರ್ದುವೂ ಸಹಿ ಹಾಕಿದೆ. ಉತ್ತರದವರು ‘ಕಿ’ ಎಂದು ಮೊದಲೇ ಹೇಳಿ ಮುಂದೆ ವಾಕ್ಯವನ್ನು ಇಡುವ ಕಡೆಯಲ್ಲಿ ದಖ್ಖನಿಯವರು ವಾಕ್ಯವನ್ನು ಮೊದಲಿಟ್ಟು ಕೊನೆಗೆ ‘ಬೋಲ್ಕೆ’ ಎನ್ನುತ್ತಾರೆ. ಬೋಲ್ಕೆ ಎಂದರೆ ‘ಹೇಳಿ’. ಪದ ಉರ್ದು, ಕೆಲಸ ನಮ್ಮ ‘ಅಂತ’ದ್ದು.

ಇನ್ನು ಆಡುಮಾತಿನಿಂದ ಕಚೇರಿಯ ಬರಹಕ್ಕೆ ತಿರುಗಲು ಜಗಳೂರಿಗೆ ಬರೋಣ. ಮಳೆಯ ಕೃಪೆ ಕಡಿಮೆಯಾದ ಈ ಬಯಲುಸೀಮೆಗೆ ಅಡಿಕೆಯ ಮಾತು ಹೊಂದದು. ಆದರೆ ಬರ ಬಂದಾಗ ಕಚೇರಿಗೆ ಅರ್ಜಿ ಬರೆಯುವ ವಿದ್ಯೆ ಇಲ್ಲಿಯ ರೈತನಿಗೆ ಚೆನ್ನಾಗಿ ತಿಳಿದಿದೆ. ನಮ್ಮ ಹೆಂಗಸಿನ ವಾಕ್ಯವನ್ನು ಅರ್ಜಿಯ ಭಾಷೆಗೆ ತಿರುಗಿಸಿದರೆ ಏನಾಗುತ್ತದೆಂದು ನೋಡಿ: “ದರ ಕುಸಿತದ ಪ್ರಯುಕ್ತ ಸದರಿ ತೋಟದ ಫಸಲನ್ನು ಗುತ್ತಿಗೆ ಆಧಾರದ ಮೇಲೆ ನೀಡಲಾಗಿರುತ್ತದೆ.” ಹ್ಯಾಲಿಡೇಯವರು ಭಾಷೆಯ ಕೆಲಸಗಳನ್ನು ಮೂರಾಗಿ ವಿಂಗಡಿಸಿದರು: ಲೋಕಾನುಭವವನ್ನು ಚಿತ್ರಿಸುವುದು, ಆಡುವವನಿಗೂ ಕೇಳುವವನಿಗೂ ನಡುವಣ ಸಂಬಂಧವನ್ನು ನಿಭಾಯಿಸುವುದು, ಮಾತುಗಳನ್ನು ಒಂದು ಹೆಣಿಗೆಯಾಗಿ ನೇಯುವುದು. ಮೊದಲನೆಯ ಕೆಲಸದಲ್ಲಿ ಎರಡು ವಾಕ್ಯಗಳಿಗೂ ಹೆಚ್ಚು ಅಂತರವಿಲ್ಲ. ಎರಡನೆಯದರಲ್ಲಿ ಅಜಗಜಾಂತರ. ‘ಅಂತೆ’ ಎಂಬ ಎರಡಕ್ಷರದಿಂದ ಆಕೆ “ನಾನು ಕಂಡದ್ದಲ್ಲ, ಕೇಳಿದ್ದು, ಸುಳ್ಳಾದರೆ ನನ್ನ ಮೇಲೆ ಬರಬೇಡಿ” ಎಂದು ತನ್ನ ಹೊಣೆಯನ್ನು ನ್ಯಾಯವಾಗಿ ಅಳೆದುಕೊಟ್ಟಿದ್ದಳು, ಅರ್ಜಿಯ ವಾಕ್ಯದಲ್ಲಿ ಹೊಣೆಯನ್ನು ಹೊರಲು ಒಬ್ಬರೂ ಇಲ್ಲ. ಅಲ್ಲದೆ ‘ರೇಟು ಬಿತ್ತು’ ಎಂಬ ನಡೆಯುವ ವಾಕ್ಯವು ‘ದರ ಕುಸಿತ’ ಎಂಬ ನಿಂತ ನಾಮಪದವಾಗಿದೆ. ‘ಬಿತ್ತು’ ಎಂದರೆ ‘ಬಿತ್ತಾ? ಯಾವಾಗ?’ ಎಂದು ಕೇಳಬಹುದು. ‘ಕುಸಿತ’ವನ್ನು ಹಾಗೆ ತಡೆದು ಕೇಳಲು ಬರುವುದಿಲ್ಲ, ಅದು ಸಿದ್ಧವಸ್ತುವಾಗಿ ಬಂದು ಕುಳಿತಿರುತ್ತದೆ. ಹ್ಯಾಲಿಡೇ ಇದನ್ನು ವ್ಯಾಕರಣದ ರೂಪಕವೆಂದು ಕರೆದರು. ವಿಜ್ಞಾನದ ಬರಹಕ್ಕೂ ಕಚೇರಿಯ ಬರಹಕ್ಕೂ ಇದೇ ಬುನಾದಿಯೆಂದು ತೋರಿಸಿಕೊಟ್ಟರು. ಸಂಗತಿಗಳನ್ನು ಒಂದರ ಮೇಲೊಂದು ಪೇರಿಸಿ ಅಮೂರ್ತವಾಗಿ ಚಿಂತಿಸಲು ಅದು ಬೇಕು. ಮಾಡಿದವರನ್ನು ಮರೆಸಲೂ ಅದು ಬರುತ್ತದೆ.

ಜಗಳೂರಿನವರ ಬಾಯಲ್ಲಿ ಬಹುಕಾಲ ನಲಿದ ಇನ್ನೊಂದು ನುಡಿಗಟ್ಟೆಂದರೆ ತುಂಗಭದ್ರೆಯ ನೀರನ್ನು ತರುವ ‘57 ಕೆರೆ ತುಂಬಿಸುವ ಯೋಜನೆ’. ಕೆರೆ ತಾನಾಗಿ ತುಂಬುವುದಕ್ಕೂ ಯಾರೋ ತುಂಬಿಸುವುದಕ್ಕೂ ಇರುವ ಅಂತರವೆಲ್ಲ ‘ಇಸು’ ಎಂಬ ಪ್ರತ್ಯಯದಲ್ಲಿದೆ. ಈ ಪ್ರತ್ಯಯವು ಕಾರ್ಯಾತ್ಮಕವಾದಿಗಳಿಗೆ ಒಂದು ಕಠಿನ ಪ್ರಶ್ನೆಯನ್ನೂ ಒಡ್ಡಿದೆಯೆಂಬುದನ್ನು ಮುಚ್ಚಿಡುವುದು ಅಪ್ರಾಮಾಣಿಕತೆಯಾದೀತು. ಜೆಫ್ರಿ ಲಿಡ್ಜ್ ಮತ್ತು ಗ್ಲೈಟ್ಮನ್ ದಂಪತಿಗಳು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮೂರು ವರ್ಷದ ಕನ್ನಡದ ಮಕ್ಕಳು ವಾಕ್ಯಗಳನ್ನು ಕೇಳಿ ಆಟದ ಪ್ರಾಣಿಗಳಿಂದ ಅವನ್ನು ಅಭಿನಯಿಸಿ ತೋರಿಸಬೇಕಾಗಿತ್ತು. ಒಬ್ಬರು ಇನ್ನೊಬ್ಬರಿಂದ ಮಾಡಿಸಿದರೆಂಬ ಅರ್ಥಕ್ಕೆ ಕನ್ನಡದಲ್ಲಿ ನಂಬಿಗಸ್ತ ಗುರುತು ‘ಇಸು’. ಬಳಕೆಯಿಂದಲೇ ವ್ಯಾಕರಣವೆಂದಾದರೆ ಮಕ್ಕಳು ಅದನ್ನೇ ಹಿಡಿಯಬೇಕಾಗಿತ್ತು. ಅವರಾದರೋ ‘ಇಸು’ವನ್ನು ಬಹುಮಟ್ಟಿಗೆ ಬದಿಗಿಟ್ಟು ವಾಕ್ಯದಲ್ಲಿ ನಾಮಪದಗಳೆಷ್ಟಿವೆಯೆಂಬುದನ್ನೇ ನೆಚ್ಚಿಕೊಂಡರು. ಮಗುವು ಬರಿಗೈಯಲ್ಲಿ ಬರುವುದಿಲ್ಲ, ಯಾವುದೋ ಜನ್ಮಸಿದ್ಧ ನಿರೀಕ್ಷೆಯನ್ನು ಹೊತ್ತು ಬರುತ್ತದೆಂದು ಪ್ರಯೋಗಕಾರರು ತೀರ್ಮಾನಿಸಿದರು. ಫ್ರೆಡರಿಕ್ ನ್ಯೂಮೇಯರ್ 1998ರ ತಮ್ಮ ಗ್ರಂಥದಲ್ಲಿ ಹೇಳಿದಂತೆ, ಪ್ರಯೋಜನವು ರೂಪವನ್ನು ತಿದ್ದಿದರೂ ಒಮ್ಮೆ ಗಟ್ಟಿಯಾದ ರೂಪಕ್ಕೆ ತನ್ನದೇ ಆದ ಹಠವಿರುತ್ತದೆಂಬುದನ್ನೂ ಒಪ್ಪಬೇಕು. ಹಂಡೆಗೂ ಒಂದು ಆಕಾರವಿದೆಯಷ್ಟೆ. ಚೊಗರು ಎಷ್ಟೇ ಕುದಿದರೂ ಹಂಡೆಯ ಲೋಹವನ್ನು ತಾನು ಎರಕ ಹೊಯ್ಯಲಿಲ್ಲ. ಆ ಹಂಡೆ ಎಷ್ಟು ದೊಡ್ಡದು, ಅದರಲ್ಲಿ ಹುಟ್ಟಿನಿಂದ ಬಂದದ್ದೆಷ್ಟು, ಕುದಿತದಿಂದ ಇಳಿದದ್ದೆಷ್ಟು ಎಂಬುದೇ ಇಂದಿನ ಸಂಶೋಧನೆಯ ನಡುಮನೆಯ ಜಗಳ.

ಅಂದು ಕಣದಲ್ಲಿ ಆ ಹೆಂಗಸಿನ ಮಗ್ಗುಲಲ್ಲಿ ನಾಲ್ಕೈದು ವರ್ಷದ ಹುಡುಗಿಯೊಂದು ಒಣಗುತ್ತಿದ್ದ ಅಡಿಕೆಯನ್ನು ಎಣಿಸುವಂತೆ ನಟಿಸುತ್ತ ಕುಳಿತಿತ್ತು. ಸ್ವಲ್ಪ ಹೊತ್ತಿನ ಮೇಲೆ ಅದು ಎದ್ದು ಕಣದ ಆಚೆಯ ಬದಿಗೆ ಓಡಿಹೋಗಿ ತನ್ನ ಅಜ್ಜಿಯ ಸೆರಗನ್ನು ಜಗ್ಗುತ್ತ, “ಅಜ್ಜಿ, ಚೇಣಿಗೆ ಕೊಟ್ಟುಬಿಟ್ರಂತೆ ಅಂತ ಅಮ್ಮ ಅಂತಿದ್ಲು” ಎಂದು ವರದಿಯೊಪ್ಪಿಸಿತು. “ಚೇಣಿ ಅಂದ್ರೆ ಏನೇ?” ಎಂದು ಅಜ್ಜಿ ನಗುತ್ತ ಕೇಳಿದಳು. ಹುಡುಗಿಗೆ ಅದು ತಿಳಿಯದು, ಕೊಟ್ಟವರಾರೆಂಬುದೂ ತಿಳಿಯದು. ಆದರೆ ಊರಿನ ಹೊಣೆಯನ್ನು ‘ಅಂತೆ’ಯಲ್ಲಿಯೂ ಅಮ್ಮನ ಮಾತನ್ನು ‘ಅಂತ’ದಲ್ಲಿಯೂ ತಪ್ಪದೆ ಬೇರ್ಪಡಿಸಿ, ‘ಅನ್ನು’ ಧಾತುವಿನ ತಾತನನ್ನೂ ಮೊಮ್ಮಗನನ್ನೂ ಅವರವರ ಜಾಗದಲ್ಲಿ ಕೂರಿಸಿ, ಕೊಟ್ಟ ವ್ಯವಹಾರ ತೀರಿತೆಂಬುದನ್ನು ‘ಬಿಟ್ರು’ವಿನಿಂದ ಮುದ್ರೆಯೊತ್ತಿತ್ತು. ಅಡಿಕೆ ಇನ್ನೂ ಹಸಿ. ಬಣ್ಣ ಆಗಲೇ ಹಿಡಿದಿತ್ತು.